ಲೂರ್ದಮ್ಮನವರ ಬಿಳಿ ದ್ರಾಕ್ಷಿ

ಕೆಸರೆಯ ಲೂರ್ದಮ್ಮನವರು ಒಂದೇ ಚಪ್ಪರಕ್ಕೆ ಎರಡು ದ್ರಾಕ್ಷಿ ಬಳ್ಳಿ ಹಬ್ಬಿಸಿದ್ದರು. ಬಿಳಿಯದು ತವರಿನಿಂದ ತಂದದ್ದು, ಕರಿಯದು ಬೀಗರು ಕೊಟ್ಟದ್ದು. ಬಿಳಿಯದು ಒಣಗುತ್ತಿದೆಯೆಂದು, ಸಸ್ಯಶಾಸ್ತ್ರ ಓದಿದ ನನಗೆ ಟಾಂಗಾ ಕಳಿಸಿದರು. ಕಾಂಡ ಕೊಯ್ದು ನೋಡಿದೆ. ಒಳಗೆಲ್ಲ ಕಪ್ಪಗೆ ಕೊಳೆತಿತ್ತು.

“ಬೂಷ್ಟು ರೋಗ. ಕತ್ತರಿಸಿದ ಗಾಯದಿಂದ ಒಳಗೆ ಹೋಗುತ್ತೆ,” ಎಂದೆ.

“ಅದೇ ಕತ್ತರಿ, ಅದೇ ಮಣ್ಣು. ಅವರದ್ದಕ್ಕೆ ಯಾಕೆ ಬರ್ಲಿಲ್ಲ?”

“ಆ ತಳಿ ತಡೆದುಕೊಳ್ಳುತ್ತೆ. ನಿಮ್ಮ ತಳಿಗೆ ಅಷ್ಟು ಶಕ್ತಿಯಿಲ್ಲ.”

“ಮೆಲ್ಲಗೆ ಹೇಳ್ರೀ! ಭಾನುವಾರ ಪೂಜೆ ಮುಗಿಸ್ಕೊಂಡು ಬೀಗಿತ್ತಿ ಊಟಕ್ಕೆ ಬರ್ತಾಳೆ. ಇದನ್ನ ನೋಡಿದ್ರೆ ನಮ್ಮ ವಂಶಾನೇ ಆಡಿಕೊಳ್ತಾಳೆ ಕಣ್ರೀ.”

“ಏನು ಮಾಡೋದು? ಇದಕ್ಕೆ ಔಷಧಿ ಇಲ್ಲ.”

“ನಮ್ಮದು ಹೋದ್ರೆ ಹೋಗ್ಲಿ. ಭಾನುವಾರದೊಳಗೆ ಅವರದ್ದಕ್ಕೂ ಅಂಟಿಸಿಬುಡಿ, ಸ್ವಾಮಿ.”

ಕಾಲೇಜಿನಲ್ಲಿ ರೋಗ ತಡೆಯುವುದನ್ನಷ್ಟೇ ಕಲಿಸಿದ್ದರು. ಜನರಿಗೆ ಬೇಕಾದ ಪಾಠವೇ ಬಿಟ್ಟುಹೋಗಿತ್ತು.