ಮಾನಪತ್ರದಲ್ಲಿ ಬರೆಯದ ಸಾಲು

ನಮ್ಮ ಕಾಕಾ ಒಂದು ಕಾಲಕ್ಕೆ ಹೆಸರಾಂತ ಪೈಲ್ವಾನರಾಗಿದ್ದರು. ಕಳೆದ ವರ್ಷ, ಅವರು ಕುಸ್ತಿ ಕಲಿತ ಪುಣೆಯ ಗರಡಿಯವರು ಅವರನ್ನು ಸನ್ಮಾನಿಸಲು ನಿರ್ಧರಿಸಿದರು. ಶಾಲೆಯಲ್ಲಿ ಪಾಠ ಹೇಳಿದವನೆಂಬ ಕಾರಣಕ್ಕೆ ಮಾನಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಕರಡನ್ನು ಓದಿ ಹೇಳಿದಾಗ ಕಾಕಾ ಒಂದು ಸಾಲು ಸೇರಿಸಲು ಹೇಳಿದರು. ತಮಗೆ ಬೆಳ್ಳಿಯ ಗದೆ ತಂದುಕೊಟ್ಟ ಕುಸ್ತಿಯನ್ನು ಅವರೂ ಎದುರಾಳಿಯೂ ಮೊದಲೇ ಮಾತಾಡಿಕೊಂಡು ಆಡಿದ್ದರಂತೆ. ಎದುರಾಳಿ ತಾವಾಗಿಯೇ ಬೆನ್ನನ್ನು ಮಣ್ಣಿಗೆ ಹಚ್ಚಿ ಸೋತಿದ್ದರಂತೆ.

"ಸಾಯೂದ್ರೊಳಗ ಒಮ್ಮೆ ಖರೇ ಹೇಳ್ತೀನಪಾ," ಎಂದರು.

ಆ ಎದುರಾಳಿಯೂ ನಮ್ಮ ಉತ್ತರ ಕರ್ನಾಟಕದ ಕಡೆಯವರೇ. ಪುಣೆಯ ಹತ್ತಿರದ ಭೋಸರಿಯಲ್ಲಿ ಮಗನ ಮನೆಯಲ್ಲಿದ್ದರು. ಅವರ ಒಪ್ಪಿಗೆಯಿಲ್ಲದೆ ಬರೆಯುವುದು ಸರಿಯಲ್ಲವೆಂದು ನಾನು ಕಾಕಾರನ್ನು ಅಲ್ಲಿಗೆ ಕರೆದೊಯ್ದೆ.

"ಬರ್ರಿ ಗದಾ ಪೈಲ್ವಾನ್ರ! ಮೂರು ಮೆಟ್ಟಲಾ ಹತ್ತಾಕ ಮಾಸ್ತರ್ರ ಕೈ ಬೇಕಾತೇನ್ರಿ?" ಎಂದು ಅವರು ನಕ್ಕರು. ಕಾಕಾ ವಿಷಯ ತಿಳಿಸಿದೊಡನೆ ಎದುರಾಳಿ ಎದ್ದು, ಮೊಮ್ಮಕ್ಕಳಿದ್ದ ಒಳಕೋಣೆಯ ಬಾಗಿಲು ಮುಚ್ಚಿ ಬಂದು ಕುಳಿತರು.

"ಅರ್ಧ ತಾಸು ಹಿಡದಾಡಿ ಸೋತೆ ಅಂತ ಮೊಮ್ಮಕ್ಕಳಿಗೆ ಹೇಳೇನಿ. ಗದಾ ನಿನ್ನ ಮನ್ಯಾಗ ಅದ. ನನಗ ಉಳದದ್ದು ಆ ಸೋಲು ಒಂದ. ಅದನ್ನೂ ಕಸಗೊಳ್ಳಾಕ ಬಂದಿ ಏನು?"

ಕೊಟ್ಟ ಚಹಾ ಕುಡಿದು ಹಿಂದಿರುಗಿದೆವು.

ಸನ್ಮಾನದ ದಿನ ಆ ಸಾಲಿಲ್ಲದ ಮಾನಪತ್ರವನ್ನೇ ಓದಿದೆ. ಗದೆಯ ಪ್ರಸ್ತಾಪ ಬಂದಾಗ, ಮೊಮ್ಮಕ್ಕಳೊಡನೆ ಮುಂದೆ ಕುಳಿತಿದ್ದ ಎದುರಾಳಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಕಾಕಾ ತಲೆಗೆ ಸುತ್ತಿದ್ದ ಫೇಟಾ ತೆಗೆದು ತೊಡೆಯ ಮೇಲಿಟ್ಟುಕೊಂಡು, ಇನ್ನೆಷ್ಟು ಹೊತ್ತು ಎಂದು ನನ್ನನ್ನು ಕಣ್ಣಿನಲ್ಲೇ ಕೇಳಿದರು.