ಕೋವಿ ತಗೊಳ್ಳಿ, ರಸೀತಿ ಕೊಡಿ

ಪೊಲೀಸ್ ಸ್ಟೇಷನ್‌ಗೆ ತಾವಾಗೇ ಕೋವಿ ಹಿಡಿದುಕೊಂಡು ಹೋದವರನ್ನು ನೀವು ನೋಡಿದ್ದೀರಾ? ಈಚೆಗೆ ನಾನು ನೋಡಿದೆ. ನೋಡಿದ್ದೇನು, ಜೊತೆಗೇ ಹೋಗಿದ್ದೆ. ಕೋವಿ ಹಿಡಿದಿದ್ದವಳು ನನ್ನ ಸೋದರತ್ತೆ ಮುನಿಯಮ್ಮ.

ಅತ್ತೆಯದು ಬಂಗಾರಪೇಟೆ ಹತ್ತಿರದ ಹಳ್ಳಿ. ಎರಡು ಹಸು, ಒಂದಿಷ್ಟು ಕಡಲೆಕಾಯಿ ಹೊಲ. ಹಂದಿ ಓಡಿಸಲು ಮಾವ ಲೈಸೆನ್ಸ್ ಮಾಡಿಸಿ ಒಂಟಿ ನಳಿಗೆಯ ಕೋವಿ ಇಟ್ಟುಕೊಂಡಿದ್ದರು. ಮಾವ ತೀರಿಕೊಂಡರು. ಲೈಸೆನ್ಸ್ ಅವರ ಹೆಸರಿನದು, ಅವರ ಜೊತೆಗೇ ಹೋಯಿತು. ಇಂಥ ಕೋವಿಯನ್ನು ಮನೆಯವರು ತಡಮಾಡದೆ ಒಪ್ಪಿಸಬೇಕು ಅನ್ನುತ್ತದೆ ಕಾನೂನು. ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡಿ!

ತಿಥಿ ಮುಗಿದ ಮಾರನೇ ದಿನವೇ ಅತ್ತೆ ಕೋವಿಯನ್ನು ಮಾವನ ಪಂಚೆಯಲ್ಲಿ ಸುತ್ತಿ ಬಸ್ ಹತ್ತಿದಳು. (ಕಂಡಕ್ಟರ್ ಗುದ್ದಲಿ ಕಾವು ಅಂದುಕೊಂಡನಂತೆ.) ಸ್ಟೇಷನ್‌ನಲ್ಲಿ ಸಾಹೇಬರಿಲ್ಲ. ಬಂದೋಬಸ್ತ್‌ಗೆ ಹೋಗಿದ್ದಾರೆ. ಎಂಥ ಬಂದೋಬಸ್ತು? ನಮ್ಮ ಕಡೆಯ ಲೀಡರ್ ಒಬ್ಬರ ಹುಟ್ಟುಹಬ್ಬದ್ದು.

ಆ ಹುಟ್ಟುಹಬ್ಬದಲ್ಲಿ ಲೀಡರ್ ಮಗ ಕೇಕ್ ಮುಂದೆ ನಿಂತು ಪಿಸ್ತೂಲಿನಿಂದ ಗಾಳಿಯಲ್ಲಿ ಗುಂಡು ಹಾರಿಸಿದ. ವಿಡಿಯೋ ಪಕ್ಕದ ಊರಿಗಾಂ ಪೇಟೆಯಲ್ಲಿರುವ ನನ್ನ ಫೋನಿಗೂ ಬಂತು. ಹಿಂದೆ ಖಾಕಿಯವರು ಕೈಕಟ್ಟಿ ನಿಂತಿದ್ದರು. ಸಂಭ್ರಮಕ್ಕೆ ಗುಂಡು ಹಾರಿಸಬಾರದು ಅಂತಲೂ ಕಾನೂನಿದೆ ಸ್ವಾಮಿ! ಅತ್ತೆಗೂ ವಿಡಿಯೋ ತೋರಿಸಿದೆ. ಅವಳು ಅದನ್ನು ಎರಡು ಸಲ ಹಾಕಿಸಿ ನೋಡಿದಳು.

ಎರಡನೇ ಸಲ ಹೋದಾಗ ಡೆತ್ ಸರ್ಟಿಫಿಕೇಟ್ ಕೇಳಿದರು. ಅದು ಕೈಗೆ ಬಂದ ಮೇಲೆ, ಮೂರನೇ ಸಲ, ಅತ್ತೆ ನನಗೆ ಫೋನ್ ಮಾಡಿದಳು. "ನೀನು ಪೇಪರ್‌ಗೆ ಬರ್ಯೋಳಲ್ವಾ, ಬಾ ನಂಜೊತೆ."

ಠಾಣೆಯ ರೈಟರ್ ಪಂಚೆ ಬಿಚ್ಚಿದ. ಕೋವಿಯ ಮರದ ಹಿಡಿಯ ಮೇಲೆ, ಕಳೆದ ಆಯುಧಪೂಜೆಗೆ ಮಾವ ಇಟ್ಟ ಕುಂಕುಮ ಹಾಗೇ ಇತ್ತು. ರೈಟರ್‌ಗೆ ಆಕಳಿಕೆ ಬಂತು.

"ಇಡೋಕೆ ಜಾಗ ಇಲ್ಲಮ್ಮ. ಸದ್ಯ ಮನೇಲೇ ಇಟ್ಕೊಳ್ಳಿ."

"ಲೈಸೆನ್ಸ್ ಇಲ್ದೆ ಇಟ್ಕಂಡ್ರೆ ತಪ್ಪಲ್ವಾ ಸಾ?"

"ಯಾರಮ್ಮ ಕೇಳ್ತಾರೆ?"

"ಯಾರೂ ಕೇಳಲ್ಲ ಅಂತ ಬರ್ಕೊಡಿ. ಸೀಲ್ ಆಕಿ. ತಕ್ಕಂಡು ಓಯ್ತೀನಿ."

ರೈಟರ್ ಪೆನ್ ಕೆಳಗಿಟ್ಟ. ಅತ್ತೆ ಬೆಂಚಿನ ಮೇಲೆ ಕೂತಳು. ಹಾಲು ಕರೆಯುವ ಹೊತ್ತಾಗುತ್ತದಲ್ಲ ಅಂದೆ. "ಆಗ್ಲಿ. ರಸೀತಿ ಇಲ್ದೆ ನಾನೇಳಾಕಿಲ್ಲ. ನಾಳೆ ಇದನ್ನ ಯಾವನಾದ್ರೂ ಕದ್ದು ಯಾರಿಗಾದ್ರೂ ಒಡುದ್ರೆ ಜೈಲಿಗೆ ಓಗೋಳು ನಾನು." ಕೊನೆಗೆ ನಾನು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಬರೆಯತೊಡಗಿದೆ. ಜಾಗ ಸಿಕ್ಕಿತು! ರಸೀತಿಯೂ ಬಂತು.

ಕಥೆ ಮುಗಿಯಿತು ಅಂದುಕೊಂಡಿರಾ? ಮೂರನೇ ದಿನ ನಾನು ಅತ್ತೆಯ ಮನೆಯಲ್ಲಿದ್ದಾಗಲೇ ಇಬ್ಬರು ಪೊಲೀಸರು ಬಂದರು. ಗಂಡ ಸತ್ತ ಮೇಲೆ ಇಷ್ಟು ದಿನ ಲೈಸೆನ್ಸ್ ಇಲ್ಲದೆ ಕೋವಿ ಯಾಕೆ ಇಟ್ಟುಕೊಂಡಿದ್ದಿರಿ ಅಂತ ವಿಚಾರಣೆಗೆ! ನನಗೆ ಮೈ ಉರಿದುಹೋಯಿತು. ಕಣ್ಣೆದುರೇ ಪಿಸ್ತೂಲು ಢಂ ಅಂದರೂ ಅಲ್ಲಾಡದ ಕಾನೂನಿಗೆ, ಕೋವಿ ಒಪ್ಪಿಸಿದವಳ ಮನೆ ಮಾತ್ರ ಹೇಗೆ ಸಿಗುತ್ತದೆ?

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ರಸೀತಿ ತಂದು ಅವರ ಮುಂದೆ ಹಿಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡಳು.

"ಆ ಪಿಸ್ತೂಲ್ ಮನೆಗೆ ದಾರಿ ಗೊತ್ತಿಲ್ವಾ ಸಾ? ನಡೀರಿ, ನಾನೇ ತೋರುಸ್ತೀನಿ."