ಲಗ್ಗೆರೆಯ ಸಂಪು, ಮಂಜುಳಾ ಅವರ ಅಡ್ವಾನ್ಸ್

ಕೋವಿಡ್ ಕಳೆದ ಮೊದಲ ಬೇಸಿಗೆ. ಆಗ ನಾನು ರಾಜಾಜಿನಗರದಲ್ಲಿ ಸಿವಿಲ್ ವಕೀಲನಾಗಿ ಹೆಚ್ಚಾಗಿ ಬಾಡಿಗೆ ವ್ಯಾಜ್ಯಗಳನ್ನೇ ನಡೆಸುತ್ತಿದ್ದೆ. ಗಾರ್ಮೆಂಟ್ಸ್ ಕಾರ್ಖಾನೆಯ ಸೂಪರ್‌ವೈಸರ್ ಮಂಜುಳಾ ಬಂದು, ಲಗ್ಗೆರೆಯ ಬಾಡಿಗೆ ಮನೆ ಖಾಲಿ ಮಾಡಿದರೂ ಮಾಲೀಕರು ಅಡ್ವಾನ್ಸ್ ಕೊಡುತ್ತಿಲ್ಲ ಎಂದರು. ಬೆಂಗಳೂರಿನ ರೂಢಿಯಂತೆ ಹತ್ತು ತಿಂಗಳ ಬಾಡಿಗೆಯಷ್ಟು ಹಣ.

ಆ ಮನೆಯಲ್ಲಿ ಅವರ ಮಗಳಿಗೆ ಒಂದೇ ವರ್ಷದಲ್ಲಿ ಎರಡು ಸಲ ಟೈಫಾಯ್ಡ್ ಆಗಿತ್ತು. ಅನುಮಾನ ಬಂದು, ಕುಡಿಯುವ ನೀರು ತುಂಬಿಡುವ ನೆಲದಡಿಯ ಸಂಪಿನ ಮುಚ್ಚಳ ತೆಗೆಸಿದರೆ, ಬಿರುಕು ಬಿಟ್ಟ ಗೋಡೆಯಿಂದ ಒಳಚರಂಡಿಯ ನೀರು ಜಿನುಗುತ್ತಿತ್ತು. ಪ್ಲಂಬರ್ ಸಯ್ಯದ್, "ಹಳೇ ಪ್ರಾಬ್ಲಮ್ ಅಕ್ಕ. ಮೊದ್ಲಿದ್ದೋರ ಕಾಲದಲ್ಲೇ ಓನರ್ ನನ್ ಕೈಲಿ ತೇಪೆ ಹಾಕ್ಸಿದ್ರು" ಎಂದಿದ್ದ.

ನಮಗೆ ಆ ಮಾತೇ ಆಧಾರ. ಬಾಡಿಗೆದಾರರ ಕಣ್ಣಿಗೆ ಸುಲಭವಾಗಿ ಬೀಳದ, ವಾಸಕ್ಕೆ ತೊಡಕಾಗುವ ದೋಷ ಮಾಲೀಕನಿಗೆ ಗೊತ್ತಿದ್ದರೆ ಅವನು ಅದನ್ನು ತಿಳಿಸಲೇಬೇಕು ಎನ್ನುತ್ತದೆ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್. ನೋಟಿಸ್ ಕಳಿಸಿದೆ. ಮಾಲೀಕ ರಾಜಣ್ಣ ಮಾತುಕತೆಗೆ ಆ ಖಾಲಿ ಮನೆಗೇ ಕರೆದರು.

"ಗೋಡೆಯೆಲ್ಲಾ ಹಾಳ್ ಮಾಡವ್ಳೆ. ಪೇಂಟಿಂಗ್‌ಗೇ ಅರ್ಧ ಹೋಗ್ತದೆ. ಲಾಯರ್ನ ಕರ್ಕೊಂಬಂದ್ರೆ ಹೆದರ್ಕೊಂಬಿಡ್ತೀನಾ?"

"ಮರ್ಯಾದೆ ಕೊಟ್ಟು ಮಾತಾಡಿ," ಎಂದರು ಮಂಜುಳಾ. "ಮಗು ಆಸ್ಪತ್ರೇಲಿದ್ದಾಗ ಬಾಡಿಗೆ ಕೇಳಕ್ಕೆ ಬಂದ್ರಲ್ಲ, ಆಗ್ಲಾದ್ರೂ ಸಂಪಿನ ವಿಷ್ಯ ಹೇಳ್ಬೋದಿತ್ತು."

ಅಷ್ಟರಲ್ಲಿ ಮನೆ ನೋಡಲು ಒಬ್ಬ ಗರ್ಭಿಣಿ ಹೆಂಗಸು ಗಂಡನೊಂದಿಗೆ ಬಂದಳು. ರಾಜಣ್ಣ ನಮ್ಮಿಬ್ಬರನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದರು. "ಪೂರ್ತಿ ಅಡ್ವಾನ್ಸ್ ಈಗ್ಲೇ ಕೊಡ್ತೀನಿ. ಬಾಯ್ ಮುಚ್ಕೊಂಡ್ ಹೋಗ್ಬೇಕು, ಅಷ್ಟೇ."

ಹೊಸ ಮನೆಯ ಅಡ್ವಾನ್ಸಿಗೆ ಮಂಜುಳಾ ಒಡವೆ ಅಡವಿಟ್ಟಿದ್ದರು. ನನ್ನತ್ತ ನೋಡಿದರು.

"ನಿರ್ಧಾರ ನಿಮ್ದಮ್ಮ. ಕೋರ್ಟಿಗೆ ಹೋದ್ರೆ ವರ್ಷಗಟ್ಲೆ ಆಗ್ಬೋದು," ಎಂದೆ.

ಅವರು ನೇರ ಹಾಲಿಗೆ ಹೋಗಿ ಆ ಹೆಣ್ಣುಮಗಳಿಗೆ ಹೇಳಿದರು: "ಈ ಮನೆ ನೀರು ಕುಡೀಬೇಡ ಕಣಮ್ಮ. ಸಂಪಿಗೆ ಮೋರಿ ನೀರು ಸೇರ್ತಾ ಇದೆ. ನನ್ ಮಗಳು ಸಾಯೋ ಹಂಗಾಗಿದ್ಳು."

ಬಂದವರು ಚಪ್ಪಲಿ ಮೆಟ್ಟಿ ಹೊರಟರು. ರಾಜಣ್ಣ ಬಾಯಿಗೆ ಬಂದಂತೆ ಬೈದು, "ಒಂದ್ ಪೈಸೆ ಸಿಗಲ್ಲ, ಅದೇನ್ ಕಿತ್ಕೊತೀರೋ ಕಿತ್ಕೊಳಿ" ಎಂದು ನಮ್ಮನ್ನು ಹೊರಗಟ್ಟಿದರು.

ದಾವೆ ಹೂಡಿದೆವು. ರಾಜಣ್ಣನದು ಪ್ರತಿ ವಾಯಿದೆಗೂ ಒಂದೊಂದು ನೆಪ. ಕೊನೆಗೆ ಸಯ್ಯದ್ ಕಟಕಟೆಯಲ್ಲಿ ನಿಂತು ತೇಪೆಯ ಸಂಗತಿ ಹೇಳಿದ ಮೇಲಷ್ಟೇ ರಾಜಿಗೆ ಬಂದು ಅಡ್ವಾನ್ಸ್ ಪೂರ್ತಿ ಕೊಟ್ಟರು. ಆಸ್ಪತ್ರೆಯ ಖರ್ಚು ಮಾತ್ರ ಬರಲಿಲ್ಲ. ಕೋರ್ಟಿನ ಕಾರಿಡಾರಿನಲ್ಲಿ ರಾಜಣ್ಣ ಕೈಮುಗಿದಾಗ ಮಂಜುಳಾ ಮುಖ ತಿರುಗಿಸಿ ನಡೆದರು.

ಬಾಡಿಗೆ ಕರಾರು ಓದಿಸಲು ಬಂದವರಿಗೆ ಈಗಲೂ ಕಾನೂನು ವಿವರಿಸುತ್ತೇನೆ. ಅದಕ್ಕೂ ಮೊದಲು, ನೀವು ಹಿಡಿಯಲಿರುವ ಮನೆಯನ್ನು ಬಿಟ್ಟುಹೋದವರನ್ನು ಹುಡುಕಿ ಒಂದು ಮಾತು ಕೇಳಿಕೊಂಡು ಬನ್ನಿ ಎನ್ನುತ್ತೇನೆ.